ತಣ್ಣೀರುಬಾವಿಯ ಟರ್ಬೈನ್ ಮತ್ತು ನಮ್ಮ ಶಾಲು-ಹಾರ

ಗಾಳಿ ಎಳೆದು, ಒತ್ತಿ, ಇಂಧನದ ಜತೆ ಉರಿಸಿ, ಆ ಬಿಸಿ ಅನಿಲದಿಂದ ಬ್ಲೇಡು ತಿರುಗಿಸಿ ಕರೆಂಟು ಮಾಡುವ ಯಂತ್ರ ಗ್ಯಾಸ್ ಟರ್ಬೈನ್. ಅದರಿಂದ ಇಷ್ಟು ಮೆಗಾವ್ಯಾಟ್ ಬರುತ್ತದೆ ಅಂತ ಕ್ಯಾಟಲಾಗಿನಲ್ಲಿ ಬರೆಯಲು ಜಗತ್ತೆಲ್ಲ ಒಪ್ಪಿದ ಒಂದು ಹವೆ ಇದೆ. 15 ಡಿಗ್ರಿ ಸೆಲ್ಸಿಯಸ್, ಶೇ 60 ತೇವಾಂಶ, ಸಮುದ್ರಮಟ್ಟದ ಗಾಳಿಯೊತ್ತಡ. ಈ ಮೂರರಲ್ಲಿ ಮಂಗಳೂರಿನಲ್ಲಿ ಖಾತ್ರಿಯಾಗಿ ಸಿಗುವುದು ಸಮುದ್ರಮಟ್ಟ ಮಾತ್ರ!

ಇದು ಬರೀ ತಮಾಷೆಯ ಮಾತಲ್ಲ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ಟರ್ಬೈನ್ ಎಳೆದುಕೊಳ್ಳುವ ಗಾಳಿಯ ತೂಕ ಇಳಿಯುತ್ತದೆ, ಕರೆಂಟೂ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ, ಎಲ್ಲರ ಮನೆಯಲ್ಲೂ ಎಸಿ ಓಡುವಾಗಲೇ ಯಂತ್ರಕ್ಕೆ ಸುಸ್ತು. ಜತೆಗೆ ಕಡಲ ಉಪ್ಪು. ಫಿಲ್ಟರ್ ದಾಟಿ ಬಂದ ಉಪ್ಪು ಗಾಳಿ ಒತ್ತುವ ಕಂಪ್ರೆಸರಿನ ಬ್ಲೇಡಿಗೆ ಹತ್ತಿಕೊಳ್ಳುತ್ತದೆ. ಇಂಧನದ ಗಂಧಕ ಅದಕ್ಕೆ ಸೇರಿತೋ, ಬಿಸಿ ಭಾಗದ ಬ್ಲೇಡುಗಳ ಲೋಹವನ್ನೇ ತಿನ್ನಲು ಶುರುಮಾಡುತ್ತದೆ.

ನಾನು ಸುರತ್ಕಲ್ ಕಡೆಯವನು. ಈಗ ಇರುವುದು ಜಪಾನಿನ ಕೋಬೆಯಲ್ಲಿ. ಗ್ಯಾಸ್ ಟರ್ಬೈನ್ ತಯಾರಾಗುವ ತಾಕಾಸಾಗೊ ಇಲ್ಲಿಂದ ದೂರವೇನಲ್ಲ. ಆ ಕಾರ್ಖಾನೆಯ ಒಳಗೇ ಒಂದು ವಿದ್ಯುತ್ ಸ್ಥಾವರ ಇದೆ. ಹೊಸ ಟರ್ಬೈನನ್ನು ಮಾರುವ ಮೊದಲು ಅಲ್ಲೇ ಓಡಿಸಿ ನೋಡುತ್ತಾರೆ, ಬಂದ ಕರೆಂಟನ್ನು ಊರಿನ ಜಾಲಕ್ಕೆ ಕೊಡುತ್ತಾರೆ. 1997ರಿಂದ ಹೀಗೇ ನಡೆದುಕೊಂಡು ಬಂದಿದೆ. ಆದರೆ ನಾನು ಹೇಳಹೊರಟಿರುವುದು ಯಂತ್ರದ ಸುದ್ದಿಯನ್ನಲ್ಲ, ಯಂತ್ರದವರು ಒಟ್ಟು ಸೇರುವ ರೀತಿಯನ್ನು.

1971ರಲ್ಲಿ ಜಪಾನಿನ ಮತ್ತು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘಗಳು ಸೇರಿ ಟೋಕಿಯೊದಲ್ಲಿ ಗ್ಯಾಸ್ ಟರ್ಬೈನ್ ಸಮ್ಮೇಳನ ಮಾಡಿದವು. ಅತಿಥಿಗಳು ಊರಿಗೆ ಹೋದರು. ಇಲ್ಲಿನವರು ಸುಮ್ನೆ ಕೂರಲಿಲ್ಲ. ಮರುವರ್ಷವೇ, 1972ರಲ್ಲಿ, ಗ್ಯಾಸ್ ಟರ್ಬೈನಿಗೆಂದೇ ಒಂದು ಸಂಘ ಕಟ್ಟಿದರು. ಅದು ಇವತ್ತಿಗೂ ಇದೆ. ನಾಲ್ಕು ವರ್ಷಕ್ಕೊಮ್ಮೆ ಜಗತ್ತಿನವರನ್ನು ಕರೆಯುತ್ತದೆ. 2023ರಲ್ಲಿ ಕ್ಯೋಟೊದಲ್ಲಿ ಕರೆದಿತ್ತು.

ನನಗೆ ಜಾಸ್ತಿ ಹಿಡಿಸಿದ್ದು ಚಿಕ್ಕ ಸಭೆಗಳು. ಒಂದು ದಿನದ ಉಪನ್ಯಾಸ, ಇಲ್ಲವೇ ಒಂದು ಕಾರ್ಖಾನೆ ನೋಡುವುದು. ಅಂಥ ಒಂದು ಸಭೆಯಲ್ಲಿ ವಿದ್ಯುತ್ ಸ್ಥಾವರದವನೊಬ್ಬ ತನ್ನದೇ ಯಂತ್ರದ ಮುರಿದ ಬ್ಲೇಡಿನ ಫೋಟೊ ತೋರಿಸಿದ. ಬಿರುಕು ಬುಡದಿಂದ ಹೊರಟು ಎಲ್ಲಿ ತಿರುಗಿದೆ, ತಾವು ಅದನ್ನು ಯಾಕೆ ತಡವಾಗಿ ಕಂಡೆವು, ಎಲ್ಲ ಹೇಳಿದ. ಮುಂದಿನ ಸಾಲಿನಲ್ಲಿ ಬೇರೆ ಕಂಪನಿಯವರು ಕೂತು ಬರೆದುಕೊಳ್ಳುತ್ತಿದ್ದರು. ಯಾರೂ ಯಾರನ್ನೂ ಹಂಗಿಸಲಿಲ್ಲ. ಇಲ್ಲೂ ಎಲ್ಲ ಸರಿ ಅಂತೇನಿಲ್ಲ. ಅರ್ಧಕ್ಕಿಂತ ಜಾಸ್ತಿ ಮಾತು ಜಪಾನಿಯಲ್ಲೇ ಮುಗಿಯುತ್ತದೆ, ಹೊರಗಿನವನು ಬರೀ ಚಿತ್ರ ನೋಡಬೇಕು. ಹಿರಿಯರು ಬಾಯಿ ತೆರೆಯುವ ತನಕ ಕಿರಿಯರು ತೆರೆಯುವುದಿಲ್ಲ.

ನಮ್ಮಲ್ಲಿ ಸಮ್ಮೇಳನಗಳಿಗೆ ಬರ ಇಲ್ಲ. ಅಮೆರಿಕದ ಅದೇ ಸಂಘ 2012ರಿಂದ ಭಾರತದಲ್ಲೂ ಗ್ಯಾಸ್ ಟರ್ಬೈನ್ ಸಮ್ಮೇಳನ ನಡೆಸುತ್ತಿದೆ. ಏಷ್ಯಾದವರ ಸಮ್ಮೇಳನ 2016ರಲ್ಲಿ ಮುಂಬೈಗೆ ಬಂದಿತ್ತು. ಬೆಂಗಳೂರಿನಲ್ಲಂತೂ ವಿಮಾನ, ಅದರ ಎಂಜಿನ್ನುಗಳ ಕೆಲಸ ಮಾಡುವ ಜಿಟಿಆರ್‌ಇ, ಎನ್‌ಎಎಲ್, ಎಚ್‌ಎಎಲ್ ಮೂರೂ ಇವೆ. ಘಟ್ಟ ಇಳಿದರೆ ಮಾತ್ರ ಕಥೆ ಬೇರೆ. ರಜೆಯಲ್ಲಿ ಬಂದಾಗ ನಾನು ಹೋಗಿ ಕೂತ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ವಿದೇಶಿ ಅತಿಥಿಗೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆದರು. ಪ್ರಶ್ನೆ ಕೇಳುವ ಹೊತ್ತಿಗೆ ಊಟದ ಗಂಟೆ. ಯಂತ್ರ ಓಡಿಸಿ ಗೊತ್ತಿರುವ ಒಬ್ಬನೂ ಸಭೆಯಲ್ಲಿ ಇರಲಿಲ್ಲ.

ಅಂಥವರು ನಮ್ಮೂರಲ್ಲಿ ಇಲ್ಲವೇ? 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲಿ ಬಾರ್ಜ್, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಯ ಮೇಲಿನ ವಿದ್ಯುತ್ ಸ್ಥಾವರ ಶುರುವಾಗಿತ್ತು. 220 ಮೆಗಾವ್ಯಾಟ್, ಕಚ್ಚಾ ತೈಲದಿಂದ ತೆಗೆಯುವ ನಾಫ್ತಾ ಇಂಧನ. ಅದರ ಎಲ್‌ಎಂ6000 ಟರ್ಬೈನ್, ಜಂಬೊ ವಿಮಾನದ ರೆಕ್ಕೆ ಕೆಳಗಿನ ಸಿಎಫ್6 ಎಂಜಿನ್ನಿನಿಂದಲೇ ರೂಪಿಸಿದ್ದು. 2010ರಲ್ಲಿ ಇಡೀ ಬಾರ್ಜ್ ಕಾಕಿನಾಡಕ್ಕೆ ಹೋಯಿತು. ಕೆಲಸ ಗೊತ್ತಿದ್ದವರು ದಿಕ್ಕಿಗೊಬ್ಬರಾದರು. ನಮ್ಮ ಪಕ್ಕದ ಮನೆಯ ಅಣ್ಣನಿಗೂ ಇದೇ ಜಾತಿಯ ಯಂತ್ರಗಳ ಕೆಲಸ, ಈಗ ಗಲ್ಫ್‌ನಲ್ಲಿದ್ದಾರೆ. ಬೆರಳು ಹೋಗುವಷ್ಟು ತೂತಿನಿಂದ ಬೋರೋಸ್ಕೋಪ್ ಅನ್ನುವ, ಒಳಗೆ ಇಣುಕಿ ನೋಡುವ ತೆಳು ನಳಿಗೆ ಇಳಿಸಿ, ಇನ್ನೊಬ್ಬನ ಕೈಯಲ್ಲಿ ರೋಟರ್ ಮೆಲ್ಲ ತಿರುಗಿಸಿಕೊಂಡು, ಒಂದೊಂದೇ ಬ್ಲೇಡ್ ಎಣಿಸುತ್ತ ಬಿರುಕು ಹುಡುಕುವವರು. ಮಳೆಗಾಲದಲ್ಲಿ ಒದ್ದೆಯಾದ ಫಿಲ್ಟರ್ ಉಪ್ಪನ್ನು ಕರಗಿಸಿ ಒಳಗೇ ಬಿಡುತ್ತದೆ, ಆಗ ಕಂಪ್ರೆಸರನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಅಂತ ಬಾಯಿಪಾಠದಲ್ಲಿ ಹೇಳುತ್ತಾರೆ.

"ಇದನ್ನೆಲ್ಲ ಸಭೆಯಲ್ಲಿ ಹೇಳಿ ಅಣ್ಣ" ಅಂದೆ.

"ಹೇಳ್ಲಿಕ್ಕೆ ಬೇಕಾದಷ್ಟು ಉಂಟು ಮಾರಾಯ. ನನ್ನನ್ನು ಯಾರು ಕರೀತಾರೆ? ಕರೆದ್ರೂ ಇಂಗ್ಲಿಷಲ್ಲಿ ಸ್ಲೈಡ್ ಮಾಡಿ ಅಂತಾರೆ."

ದೇಶ ದೇಶಗಳ ಸಂಘಗಳು ಕೈಜೋಡಿಸಬೇಕು ಅನ್ನುವವರು ಈ ಮಾತು ಕೇಳಬೇಕು. ತಂಪು ದೇಶದವರ ಹತ್ತಿರ ಪ್ರಯೋಗಾಲಯ ಇದೆ, ದುಡ್ಡಿದೆ. ಉಪ್ಪು, ಸೆಕೆ, ನಾಲ್ಕು ತಿಂಗಳ ಮಳೆ ಒಟ್ಟಿಗೆ ಬಿದ್ದಾಗ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಅನ್ನುವ ಲೆಕ್ಕ ನಮ್ಮಂಥ ಕರಾವಳಿಯವರ ಹತ್ತಿರ ಇದೆ. ಆ ಲೆಕ್ಕ ಬರಹಕ್ಕೆ ಇಳಿಯದಿದ್ದರೆ ನಾವು ಕೊಡುವುದು ಏನು, ಬರೀ ಪೇಟವಾ?

2021ರಲ್ಲಿ ಕೊಚ್ಚಿಯಿಂದ ಮಂಗಳೂರಿಗೆ ಗ್ಯಾಸ್ ಪೈಪ್‌ಲೈನೂ ಬಂದಿದೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ, ಮಣಿಪಾಲದಲ್ಲಿ ಎಂಐಟಿ, ನಡುವೆ ಬಸ್ಸಿನಲ್ಲಿ ಕೂತು ಹೋಗುವಷ್ಟೇ ದೂರ. ಇಬ್ಬರೂ ಸೇರಿ ವರ್ಷಕ್ಕೊಂದು ದಿನ ಸಭೆ ಮಾಡಲಿ. ಗಲ್ಫ್‌ನವರು ರಜೆಗೆ ಬರುವ ತಿಂಗಳಲ್ಲೇ ಇಡಲಿ. ಮಾತು ಕನ್ನಡದಲ್ಲೋ ತುಳುವಿನಲ್ಲೋ ನಡೆಯಲಿ, ವಿದ್ಯಾರ್ಥಿಗಳು ಬರೆದುಕೊಂಡು ಇಂಗ್ಲಿಷಿಗೆ ತರಲಿ, ಹೇಳಿದವರ ಹೆಸರನ್ನು ಪ್ರಬಂಧದಲ್ಲಿ ಮೊದಲು ಹಾಕಲಿ. ಕಂಪನಿಗಳು ಹೆಸರು ಮುಚ್ಚಿಟ್ಟೇ ಮುರಿದ ಬ್ಲೇಡಿನ ಫೋಟೊ ಕೊಟ್ಟರೂ ಸಾಕು. ಆ ಪ್ರಬಂಧವನ್ನು ಏಷ್ಯಾದ ಮುಂದಿನ ಸಮ್ಮೇಳನಕ್ಕೆ ಕಳಿಸಲಿ. ಇಂಗ್ಲಿಷ್ ಪ್ರತಿಯನ್ನು ಜಪಾನಿ ಭಾಷೆಗೆ ತಿರುಗಿಸಿ ಇಲ್ಲಿನ ಸಂಘದವರ ಕೈಗೆ ಮುಟ್ಟಿಸುವ ಕೆಲಸಕ್ಕೆ ನಾನು ತಯಾರಿದ್ದೇನೆ.