ಬ್ಲಾಕ್ಸ್ ಕೊಟ್ಟ ಮಾತ್ರಕ್ಕೆ ಮಾತು ಬರಲ್ಲ

"ಬ್ಲಾಕ್ಸ್ (ಜೋಡಿಸಿ ಆಡೋ ಆಟಿಕೆ ತುಂಡುಗಳು) ಕೊಟ್ಟು ಕೂರಿಸಿಬಿಡಿ, ಮಗು ತಾನಾಗೇ ಬೇಗ ಮಾತು ಕಲಿಯುತ್ತೆ" ಅಂತ ಒಂದು ಮೆಸೇಜ್ ಓಡಾಡ್ತಿದೆ, ಅದು ಅರ್ಧ ಮಾತ್ರ ನಿಜ. 2007ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿಗೆ ಬ್ಲಾಕ್ಸ್ ಕೊಟ್ಟಾಗ ಭಾಷೆಯ ಸ್ಕೋರ್ ಜಾಸ್ತಿ ಬಂದಿದ್ದು ಹೌದು, ಆದ್ರೆ ಮಗು ಜೊತೆ ಹೇಗೆ ಆಡ್ಬೇಕು ಅಂತ ಅಪ್ಪ ಅಮ್ಮಂದಿರಿಗೂ ಬರೆದು ಕೊಟ್ಟಿದ್ರು, ಅದನ್ನ ಮೆಸೇಜಲ್ಲಿ ಬಿಟ್ಟೇ ಬಿಟ್ಟಿದ್ದಾರೆ. ಪಕ್ಕದಲ್ಲಿ ಕೂತು "ಇದು ದೊಡ್ಡ ಕೆಂಪು, ಅದು ಚಿಕ್ಕ ಕೆಂಪು, ಎಲ್ಲಿಡೋಣ?" ಅಂತ ಕೇಳಿ, ಮಗು ಬಣ್ಣ ಬಿಟ್ಟು ಉದ್ದದ್ದನ್ನೆಲ್ಲ ಒಂದು ಕಡೆ ಹಾಕಿದ್ರೆ ತಪ್ಪು ಅನ್ಬೇಡಿ ದಯವಿಟ್ಟು, ಒಂದೇ ರಾಶಿನ ಬೇರೆ ಬೇರೆ ಥರ ವಿಂಗಡಿಸೋದೇ ದೊಡ್ಡ ಕಲಿಕೆ. ಎರಡು ವರ್ಷ ಆದ್ರೂ ಎರಡು ಪದ ಸೇರಿಸಿ ಮಾತಾಡ್ತಿಲ್ಲ ಅಂದ್ರೆ ಬ್ಲಾಕ್ಸ್ ನಂಬ್ಕೊಂಡು ಕಾಯ್ಬೇಡಿ, ಡಾಕ್ಟರ್‌ಗೆ ತೋರಿಸಿ, ಕಿವಿ ಟೆಸ್ಟೂ ಮಾಡಿಸಿ.