ಪಹಣಿಯಲ್ಲಿ ಹೊಳೆ ಕಾಣುವುದಿಲ್ಲ

ಕೊಡಗಿನಲ್ಲಿ ಸೈಟ್, ಮನೆ, ತೋಟ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇ.ಸಿ. (ಋಣಭಾರ ಪ್ರಮಾಣಪತ್ರ) ಕ್ಲಿಯರ್ ಇದೆ, ಪಹಣಿ ಸರಿಯಿದೆ, ಕೃಷಿ ಜಮೀನಿನ ಕನ್ವರ್ಷನ್ ಆಗಿದೆ ಎಂದಾಕ್ಷಣ ಅಡ್ವಾನ್ಸ್ ಕೊಡಬೇಡಿ. ಮೂರೂ ಕಾಗದ ಸರಿಯಿದ್ದು, ಅದೇ ಜಾಗದಲ್ಲಿ 2019ರ ಆಗಸ್ಟಿನಲ್ಲಿ ಕಿಟಕಿ ಮಟ್ಟಕ್ಕೆ ನೀರು ನಿಂತಿರಬಹುದು.

ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಯಾರು ಯಾರಿಗೆ ಮಾರಿದರು, ಯಾವ ಬ್ಯಾಂಕಿಗೆ ಅಡವಿದೆ, ಅಷ್ಟೇ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಋಣ ಮತ್ತು ಇತರರ ಹಕ್ಕು. ಹೊಳೆ ಎಲ್ಲಿಯವರೆಗೆ ಬಂದಿತ್ತು, ಮೇಲಿನ ಬರೆ (ಗುಡ್ಡದ ಇಳಿಜಾರು) ಎಂದಾದರೂ ಜಾರಿತ್ತೇ ಎಂಬುದಕ್ಕೆ ಎಲ್ಲೂ ಜಾಗವಿಲ್ಲ. 2023ರಲ್ಲಿ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಬಂದ ಮೇಲೆ ಕ್ರಯಪತ್ರದ ವಿವರ ತುಂಬುವುದು, ಶುಲ್ಕ ಕಟ್ಟುವುದು, ನೋಂದಣಿಗೆ ಸಮಯ ಗೊತ್ತುಮಾಡುವುದು ಎಲ್ಲವೂ ಮನೆಯಿಂದಲೇ ಆಗುತ್ತದೆ. ಜನರ ಅಲೆದಾಟ ಕಡಿಮೆಯಾಗಿದೆ, ಅದಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ. ಆದರೆ ಕೆಲಸ ಇಷ್ಟು ಬೇಗ ಮುಗಿಯುವಾಗ ನೆರೆಮನೆಯ ಅಜ್ಜಿಯನ್ನು ಕೇಳುವ ಅಭ್ಯಾಸವೂ ತಪ್ಪಿಹೋಗುತ್ತಿದೆ.

ನಮ್ಮ ಹಿರಿಯರು ಗದ್ದೆಯಲ್ಲಿ ಮನೆ ಕಟ್ಟಲಿಲ್ಲ. ಐನ್‌ಮನೆ (ಕುಟುಂಬದ ಮೂಲಮನೆ) ಎತ್ತರದಲ್ಲಿ, ಗದ್ದೆ ಕೆಳಗೆ, ಬಾಣೆ (ಗದ್ದೆಗೆ ಸೇರಿದ ಕಾಡು-ಹುಲ್ಲಿನ ಜಾಗ) ಮೇಲೆ. ಮಳೆಗಾಲದ ನೀರು ಹರಡಿಕೊಳ್ಳಲು ಜಾಗ ಬಿಟ್ಟಿದ್ದರು. ಈಗ ಅದೇ ಗದ್ದೆಗೆ ಲಾರಿಗಟ್ಟಲೆ ಮಣ್ಣು ಸುರಿದು, ಕಲ್ಲು ನೆಟ್ಟು, ನಂಬರ್ ಬರೆದು ಮಾರುತ್ತಾರೆ. ಕುಶಾಲನಗರದ ಹೊಳೆ ಬದಿಯ ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ನೀರು ನುಗ್ಗಿತು. ಸಿದ್ದಾಪುರದ ಕಡೆ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆ ದಡದ ಮನೆಗಳು 2019ರಲ್ಲಿ ಏನಾದವು ಎಂದು ಅಲ್ಲಿಯವರನ್ನೇ ಕೇಳಿ. ಜನವರಿಯಲ್ಲಿ ಸೈಟ್ ನೋಡಲು ಬಂದವರಿಗೆ ಕಾಣುವುದು ತೆಳ್ಳಗೆ ಹರಿಯುವ ಹೊಳೆ, ಹಸಿರು ಮತ್ತು ಮಂಜು.

ಮಾಹಿತಿಯೇ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಪರಿಹಾರಕ್ಕಾಗಿ ಕಂದಾಯ ಇಲಾಖೆಯವರು ಮನೆಮನೆಗೆ ಹೋಗಿ ಹಾನಿ ಬರೆದುಕೊಂಡಿದ್ದಾರೆ, ಫೋಟೋ ತೆಗೆದಿದ್ದಾರೆ. 2018ರ ಕುಸಿತದ ಬಳಿಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಬಂದು ಅಧ್ಯಯನ ಮಾಡಿತು. ಇವು ಒಂದೊಂದು ಕಡತದಲ್ಲಿ ಉಳಿದಿವೆ. ಅವನ್ನು ಸರ್ವೆ ನಂಬರಿಗೆ ಜೋಡಿಸುವ ಕೆಲಸ ಬಾಕಿಯಿದೆ. ಅಮೆರಿಕದಲ್ಲಿ ವಿಳಾಸ ಟೈಪ್ ಮಾಡಿದರೆ ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಪ್ರವಾಹ ನಕ್ಷೆ ಯಾರಿಗಾದರೂ ತೆರೆದುಕೊಳ್ಳುತ್ತದೆ. ಹೆಚ್ಚು ಅಪಾಯದ ವಲಯದ ಮನೆಗೆ ಸಾಮಾನ್ಯವಾಗಿ ಪ್ರವಾಹ ವಿಮೆಯಿಲ್ಲದೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸಬಲ್ಲ ನಮಗೆ ಇನ್ನೊಂದು ಪದರ ಸೇರಿಸುವುದು ಅಸಾಧ್ಯವೇ?

ಅದು ಬರುವವರೆಗೆ ನಮ್ಮ ಕಾಗದ ನಾವೇ ಗಟ್ಟಿ ಮಾಡಿಕೊಳ್ಳಬೇಕು. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಗೊತ್ತಾಗದಂಥ ಮುಖ್ಯ ದೋಷ ಸ್ವತ್ತಿನಲ್ಲಿದ್ದರೆ, ಅದು ಮಾರುವವರಿಗೆ ತಿಳಿದಿದ್ದರೆ, ಅವರು ಹೇಳಲೇಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡರೆ ಈ ರಕ್ಷಣೆ ಸಡಿಲಾಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ರೆಡಿಮೇಡ್ ಕ್ರಯಪತ್ರಗಳನ್ನು ಈ ಕಣ್ಣಿನಿಂದ ಓದಿ. ಬೆಂಗಳೂರಿನ ಫ್ಲ್ಯಾಟಿಗೆ ಬರೆದದ್ದನ್ನೇ ಹೊಳೆ ಬದಿಯ ಜಾಗಕ್ಕೂ ಅಂಟಿಸುತ್ತಾರೆ. ‘ಖರೀದಿದಾರರು ಸ್ವತ್ತನ್ನು ಖುದ್ದು ನೋಡಿ ಒಪ್ಪಿರುತ್ತಾರೆ’ ಎಂಬ ಸಾಲನ್ನು ಹಾಗೇ ಬಿಟ್ಟು ಸಹಿ ಹಾಕಬೇಡಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ಹೇಳಿ: ‘2018ರಿಂದ ಇಂದಿನವರೆಗೆ ಈ ಸ್ವತ್ತಿಗೆ ಪ್ರವಾಹದ ನೀರು ನುಗ್ಗಿಲ್ಲ, ಭೂಕುಸಿತವಾಗಿಲ್ಲ, ಆ ಬಗ್ಗೆ ಪರಿಹಾರ ಪಡೆದಿಲ್ಲ, ಇದು ಸುಳ್ಳೆಂದು ಕಂಡುಬಂದಲ್ಲಿ ನಷ್ಟಕ್ಕೆ ಮಾರಾಟಗಾರರು ಹೊಣೆ.’ ಈ ಸಾಲಿಗೆ ಸಹಿ ಹಾಕಲು ಹಿಂಜರಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ವಾಕ್ಯದ ಬಿಗಿಯನ್ನು ನಿಮ್ಮ ವಕೀಲರಿಗೆ ತೋರಿಸಿಕೊಳ್ಳಿ.

ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಆನ್‌ಲೈನ್‌ನಲ್ಲೇ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಬಹುದು. ಯಾರ ಹೆಸರನ್ನೂ ಕೇಳಬೇಡಿ. ಸರ್ವೆ ನಂಬರ್ ಕೊಟ್ಟು, ಹಾನಿ ದಾಖಲಾಗಿದೆಯೇ ಎಂದಷ್ಟೇ ಕೇಳಿ. ವಿಮೆಯ ವಿಷಯಕ್ಕೆ ಬಂದರೆ, 2021ರ ಏಪ್ರಿಲ್‌ನಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹ, ಭೂಕುಸಿತ ಎರಡೂ ಸೇರಿವೆ. ಅರ್ಜಿಯಲ್ಲಿ ನಿಜವನ್ನೇ ಬರೆಯಿರಿ.

ಹೀಗೆಲ್ಲ ಬರೆದರೆ ನಮ್ಮ ಜಾಗದ ಬೆಲೆ ಬೀಳುತ್ತದೆ ಎಂದು ಬೇಸರಪಡುವವರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ಅವರಲ್ಲಿ ನನ್ನ ಬಂಧುಗಳೂ ಇದ್ದಾರೆ. ಆದರೆ ಇಂದು ನಿಜ ಹೇಳಿದವರ ಜಾಗ ಮಾತ್ರ ಬಿಕರಿಯಾಗದೆ ಉಳಿಯುತ್ತದೆ, ಬಾಯಿ ಮುಚ್ಚಿಕೊಂಡವರದು ಹೋಗುತ್ತದೆ. ಪ್ರವಾಹದ ವಿವರ ಎಲ್ಲರ ದಾಖಲೆಯಲ್ಲೂ ಬಂದರೆ ಪ್ರಾಮಾಣಿಕರಿಗೆ ಈ ಶಿಕ್ಷೆ ತಪ್ಪುತ್ತದೆ.

ಇನ್ನು ಕಾಗದವೇ ಇಲ್ಲದೆ ಹೊಳೆ ದಡದ ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಇರುವ ತೋಟದ ಕಾರ್ಮಿಕರು. ಅವರಿಗೆ ಪಹಣಿಯ ಮಾತೇ ಬರುವುದಿಲ್ಲ. ಅವರ ಪಡಿತರ ಚೀಟಿ, ಕರೆಂಟ್ ಬಿಲ್, ನೀರು ನುಗ್ಗಿದ ದಿನದ ಫೋಟೋ, ಹಿಂದೆ ಕೊಟ್ಟ ಅರ್ಜಿಯ ಸ್ವೀಕೃತಿ ಇಷ್ಟನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಡಲು ನಮ್ಮ ಯುವಕ ಸಂಘಗಳಿಗೆ ಒಂದು ಭಾನುವಾರ ಸಾಕು. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ) ಮಳೆ ಹಿಡಿಯುವ ಮೊದಲೇ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಪಹಣಿಗೆ ಪ್ರವಾಹದ ಕಾಲಂ ಬೇಕೆಂದು ಠರಾವು ಮಾಡಿಸಿ ಜಿಲ್ಲಾಧಿಕಾರಿಗಳಿಗೆ ಕಳಿಸಿ. ಕರಡು ಬೇಕಾದವರು ಕಾಮೆಂಟಿನಲ್ಲಿ ಊರಿನ ಹೆಸರು ಹಾಕಿ, ಬರೆದು ಕಳಿಸುತ್ತೇನೆ.