ಮೂಗಿಗಿಂತ ಲೋಕಲ್ ರೈಲಿನ ಭಯವೇ ಜಾಸ್ತಿ

ಮೂಗಿನ ಪ್ಲಾಸ್ಟಿಕ್ ಸರ್ಜರಿ ಆದ ವಾರಕ್ಕೇ ಆಫೀಸಿಗೆ ಹೋಗಬಹುದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಹೋಗಬಹುದು, ಆದರೆ ಮುಂಬೈ ಹತ್ತಿರದ ಡೊಂಬಿವಲಿಯಿಂದ ಬೆಳಗಿನ ಕಿಕ್ಕಿರಿದ ಲೋಕಲ್‌ನಲ್ಲಿ ಅಲ್ಲ! ಈ ಸರ್ಜರಿ ಮಾಡಿಸಿಕೊಂಡ ನನ್ನ ತಂಗಿಗೆ 7ನೇ ದಿನ ಮೂಗಿನ ಮೇಲಿನ ಪಟ್ಟಿ ತೆಗೆದರು. ರೈಲಿನಲ್ಲಿ ಯಾರದಾದರೂ ಮೊಣಕೈ ತಾಗಿದರೆ ಗತಿಯೇನು ಅಂತ ಇನ್ನೂ 2 ವಾರ ಮನೆಯಿಂದಲೇ ಕೆಲಸ ಮಾಡಿದಳು. ಮೂರನೇ ದಿನ ಕಣ್ಣಿನ ಸುತ್ತ ಊದಿ ನೀಲಿಗಟ್ಟಿದ್ದು ನೋಡಿ ಅಮ್ಮ ಅತ್ತೇಬಿಟ್ಟಳು. ಆಮೇಲೆ ಇಳಿಯಿತು. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಬೇಕು, ಮೂಗು ಸೀಟಬಾರದು, ಬಗ್ಗಿ ಭಾರ ಎತ್ತಬಾರದು. ಕನ್ನಡಕದವರ ಪಾಡು ಬೇರೆ. ಕೆಲವು ವಾರ ಅದನ್ನು ಮೂಗಿನ ಮೇಲೆ ಕೂರಿಸುವಂತಿಲ್ಲ. ತಂಗಿ ಹಣೆಗೆ ಟೇಪ್ ಹಚ್ಚಿ ತೂಗುಹಾಕಿಕೊಂಡಿದ್ದಳು, ನನಗೋ ನಗು ತಡೆಯುವುದೇ ಕಷ್ಟ. ಮೂಗು ಪೂರ್ತಿ ಆಕಾರಕ್ಕೆ ಬರಲು ಸುಮಾರು ಒಂದು ವರ್ಷ ಬೇಕು. ಅದನ್ನೂ ಲೇಖನದಲ್ಲಿ ಹೇಳಬೇಕಿತ್ತು, ಅಲ್ವಾ?